ಅಪ್ಪನ ಮಂಚದ ಪಕ್ಕ ಕೋವಿ ಇದೆ. ಬಂದೂಕು ಸಾವು ತಡೆಯುವ ಸಂಶೋಧನೆ ಬಗ್ಗೆ ಗೊತ್ತಿರುವವರು ಹೇಳಿ

ಮೂಡಿಗೆರೆ_ಮಗಳು (ಭಾನುವಾರ, ರಾತ್ರಿ 10:40)

ನಮಸ್ಕಾರ. ಎಲ್ಲಿ ಕೇಳಬೇಕು ಅಂತ ಗೊತ್ತಾಗದೆ ಇಲ್ಲಿ ಹಾಕುತ್ತಿದ್ದೇನೆ.

ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಅಪ್ಪ ಮೂಡಿಗೆರೆ ಕಡೆ ತೋಟದಲ್ಲಿ ಒಬ್ಬರೇ ಇದ್ದಾರೆ. 72 ವರ್ಷ. ಅಮ್ಮ ಹೋಗಿ ಎಂಟು ತಿಂಗಳಾಯಿತು. ಆಮೇಲೆ ಅಪ್ಪ ಮೊದಲಿನ ಹಾಗಿಲ್ಲ. ಫೋನ್ ಮಾಡಿದರೆ "ಹ್ಞೂಂ, ಊಟ ಆಯ್ತು", ಅಷ್ಟೇ. ಈ ಸಲ ಮೆಣಸು ಕೊಯ್ಯಲು ಆಳು ಕರೆಸಲಿಲ್ಲವಂತೆ. ಬಳ್ಳಿಯಲ್ಲೇ ಹಣ್ಣಾಗಿ ಉದುರುತ್ತಿದೆ ಅಂತ ರೈಟರ್ (ತೋಟದ ಲೆಕ್ಕ ನೋಡಿಕೊಳ್ಳುವವರು) ಹೇಳಿದರು. ಮೆಣಸು ಉದುರುವುದನ್ನು ನೋಡಿಕೊಂಡು ಕೂರುವ ಮನುಷ್ಯ ಅಲ್ಲ ನಮ್ಮಪ್ಪ.

ಮನೆಯಲ್ಲಿ ಒಂದು ಜೋಡಿನಳಿಗೆ ಕೋವಿ ಇದೆ. ತಾತನ ಕಾಲದ್ದು. ಲೈಸೆನ್ಸ್ ಅಪ್ಪನ ಹೆಸರಲ್ಲಿದೆ. ದೇವರ ಕೋಣೆ ಪಕ್ಕದ ಗೋಡೆಗೆ ನೇತು ಹಾಕಿರುತ್ತಾರೆ. ಚಿಕ್ಕಂದಿನಿಂದ ನೋಡಿದ್ದೇನೆ, ಯಾವತ್ತೂ ಭಯ ಆಗಿರಲಿಲ್ಲ. ಹೋದ ವಾರ ಊರಿಗೆ ಹೋದಾಗ ಅದು ಗೋಡೆಯಲ್ಲಿ ಇರಲಿಲ್ಲ. ಅಪ್ಪನ ಮಂಚದ ಪಕ್ಕ ಇತ್ತು. ಯಾಕಪ್ಪಾ ಅಂದರೆ "ಮಂಗ ಜಾಸ್ತಿ ಆಗಿದೆ" ಅಂದರು.

ರಾತ್ರಿ ಹೊತ್ತು ಮಂಗ ಬರುತ್ತಾ?

ನಮ್ಮ ಯಜಮಾನರು "ನೀನು ಸುಮ್ನೆ ಏನೇನೋ ಯೋಚನೆ ಮಾಡ್ತೀಯ" ಅಂತಾರೆ. ಇರಬಹುದು. ಅಮೆರಿಕದಲ್ಲಿ ಬಂದೂಕಿನ ಸಾವು ತಡೆಯುವುದು ಹೇಗೆ ಅಂತ ಡಾಕ್ಟರುಗಳೇ ಸಂಶೋಧನೆ ಮಾಡುತ್ತಾರೆ ಅಂತ ಓದಿದ ನೆನಪು. ಅದರಲ್ಲಿ ನನ್ನಂಥವಳಿಗೆ ಉಪಯೋಗಕ್ಕೆ ಬರುವುದು ಏನಾದರೂ ಇದೆಯಾ?

ಸುಮ್ನೆ_ಕೇಳ್ದೆ (10:52)

ಮೇಡಂ, ಮಲೆನಾಡಲ್ಲಿ ಮನೆಗೊಂದು ಕೋವಿ ಇರುತ್ತದೆ. ಹಂದಿ, ಆನೆ, ಕಾಟಿ ಎಲ್ಲಾ ಇರುವ ಜಾಗ. ಒಬ್ಬರೇ ಇದ್ದಾರೆ ಅಂದಮೇಲೆ ಧೈರ್ಯಕ್ಕೆ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಅಮೆರಿಕದ ಸಂಶೋಧನೆ ಅಮೆರಿಕಕ್ಕೆ. ಅಲ್ಲಿ ಶಾಲೆಗೆ ನುಗ್ಗಿ ಹೊಡೆಯುವವರು. ನಮ್ಮಲ್ಲಿ ಎಲ್ಲಿದೆ ಅದು?

ರಾತ್ರಿಪಾಳಿ (11:20)

ಕ್ಯಾಶುವಾಲ್ಟಿಯಲ್ಲಿ ನರ್ಸ್ ನಾನು, 14 ವರ್ಷ ಆಯಿತು. ಅಕ್ಕಾ, ನೀವು ಸುಮ್ನೆ ಯೋಚನೆ ಮಾಡುತ್ತಿಲ್ಲ. ಹೆಂಡತಿ ತೀರಿಕೊಂಡ ವಯಸ್ಸಾದ ಗಂಡಸು, ಒಬ್ಬರೇ ಇರುವುದು, ಕೆಲಸದ ಮೇಲೆ ಮನಸ್ಸಿಲ್ಲದಿರುವುದು, ಮಾತು ಕಡಿಮೆಯಾಗಿರುವುದು, ಕೋವಿ ಜಾಗ ಬದಲಾಗಿರುವುದು. ಇದರಲ್ಲಿ ಒಂದೊಂದಕ್ಕೂ ಒಂದೊಂದು ಕಾರಣ ಹೇಳಬಹುದು. ಐದೂ ಒಟ್ಟಿಗೆ ಬಂದರೆ ನಾನು ಕಾರಣ ಹುಡುಕುವುದಿಲ್ಲ.

ಮೊದಲು ಕೋವಿ ಮನೆಯಿಂದ ಹೊರಗೆ ಹೋಗಲಿ. ಉಳಿದದ್ದು ಆಮೇಲೆ. ಅಲ್ಲಿಯವರೆಗೆ ರಾತ್ರಿ ಅವರ ಜೊತೆ ಯಾರಾದರೂ ಮಲಗಲಿ. ರೈಟರ್ ಆದರೂ ಸರಿ.

ಇನ್ನೊಂದು. ಅಪ್ಪನನ್ನು ನೇರವಾಗಿ ಕೇಳಿ. "ಅಪ್ಪಾ, ಜೀವ ಕಳಕೊಳ್ಳಬೇಕು ಅಂತ ಅನಿಸುತ್ತಿದೆಯಾ?" ಅಂತಲೇ ಕೇಳಿ. ಕೇಳಿದರೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಹಾಗಾಗುವುದಿಲ್ಲ.

ನಿರ್ವಾಹಕ (11:31)

ಟೆಲಿ-ಮನಸ್ ಸಹಾಯವಾಣಿ: 14416. ದಿನದ 24 ಗಂಟೆಯೂ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ತೊಂದರೆಯಲ್ಲಿ ಇರುವವರು ಮಾತ್ರ ಅಲ್ಲ, ಅವರ ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು. ಮೂಡಿಗೆರೆ_ಮಗಳು, ಈಗಲೇ ಒಂದು ಸಲ ಮಾಡಿ ನೋಡಿ.

ಎಲ್ಲರಿಗೂ: ಚರ್ಚೆ ಮುಂದುವರಿಯಲಿ. ಸಾಯುವ ವಿಧಾನದ ವಿವರ ಯಾರೂ ಬರೆಯಬೇಡಿ. ಒಂದು ಕಮೆಂಟ್ ಈಗಾಗಲೇ ತೆಗೆದಿದ್ದೇನೆ.

ಅಂಕಿ_ಲೆಕ್ಕ (ಸೋಮವಾರ, ಬೆಳಿಗ್ಗೆ 6:15)

ನಾನು ಸಾರ್ವಜನಿಕ ಆರೋಗ್ಯ ಓದಿದವನು. ಬೆಂಗಳೂರಲ್ಲೇ ಕೆಲಸ. ರಾತ್ರಿಪಾಳಿ ಅವರು ಹೇಳಿದ್ದಕ್ಕೆ ನನ್ನದೂ ಒಂದು ಮತ. ಸುಮ್ನೆ_ಕೇಳ್ದೆ ಅವರ ಮಾತಿಗೆ ಸ್ವಲ್ಪ ಉದ್ದಕ್ಕೆ ಉತ್ತರ ಕೊಡಬೇಕು ಅನಿಸಿತು.

ಅಮೆರಿಕದ ಬಂದೂಕು ಅಂದರೆ ನಮಗೆ ಟಿವಿಯಲ್ಲಿ ಕಾಣುವುದು ಶಾಲೆ, ಮಾಲ್, ಚರ್ಚ್. ಲೆಕ್ಕ ಬೇರೆ ಕಥೆ ಹೇಳುತ್ತದೆ. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅದರಲ್ಲಿ 26 ಸಾವಿರಕ್ಕೂ ಜಾಸ್ತಿ ಆತ್ಮಹತ್ಯೆ. ಅರ್ಧಕ್ಕಿಂತ ಹೆಚ್ಚು! ಟಿವಿಯಲ್ಲಿ ಬರುವಂಥ ಸಾಮೂಹಿಕ ಹತ್ಯೆಗಳು ಒಟ್ಟು ಲೆಕ್ಕದಲ್ಲಿ ತೀರಾ ಸಣ್ಣ ಪಾಲು. ಅಲ್ಲೂ ಆತ್ಮಹತ್ಯೆಯ ದರ ಎಲ್ಲರಿಗಿಂತ ಜಾಸ್ತಿ ಇರುವುದು ವಯಸ್ಸಾದ ಗಂಡಸರಲ್ಲಿ. ಹಳ್ಳಿ ಕಡೆ, ಒಂಟಿ ಮನೆ, ಗೋಡೆಯಲ್ಲಿ ಹಳೇ ಬಂದೂಕು. ಮೂಡಿಗೆರೆಗೂ ಇದಕ್ಕೂ ಅಷ್ಟೇನೂ ದೂರ ಇಲ್ಲ ಅಲ್ವಾ?

ಈ ಸಂಶೋಧನೆ ದೊಡ್ಡ ಸುದ್ದಿಯಾಗಿದ್ದು 1993ರಲ್ಲಿ. ಆರ್ಥರ್ ಕೆಲ್ಲರ್‌ಮನ್ ಅನ್ನುವ ತುರ್ತು ಚಿಕಿತ್ಸೆಯ ಡಾಕ್ಟರು ಮತ್ತು ಅವರ ತಂಡ ಒಂದು ಅಧ್ಯಯನ ಪ್ರಕಟಿಸಿದರು. ಮನೆಯಲ್ಲೇ ಕೊಲೆಯಾದವರನ್ನೂ, ಅದೇ ಬಡಾವಣೆಯ ಅದೇ ವಯಸ್ಸಿನ ಇನ್ನೊಬ್ಬರನ್ನೂ ಹೋಲಿಸಿ ನೋಡಿದರು. ಬಂದೂಕು ಇದ್ದ ಮನೆಯಲ್ಲಿ ಕೊಲೆಯ ಅಪಾಯ ಸುಮಾರು 2.7 ಪಟ್ಟು ಅಂತ ಬಂತು. ಕೊಂದವರು ಹೆಚ್ಚಾಗಿ ಹೊರಗಿನ ಕಳ್ಳರಲ್ಲ, ಮನೆಯವರು ಇಲ್ಲವೇ ಪರಿಚಯದವರು. ರಕ್ಷಣೆಗೆ ಅಂತ ತಂದಿಟ್ಟದ್ದು ಮನೆಯವರ ಕಡೆಗೇ ತಿರುಗುತ್ತಿತ್ತು.

ಸುಮ್ನೆ_ಕೇಳ್ದೆ (8:05)

ಒಂದು ತರಲೆ ಪ್ರಶ್ನೆ ಸಾರ್. ಮೊದಲೇ ಅಪಾಯ ಇದ್ದ ಮನೆಯವರು ಹೆದರಿ ಬಂದೂಕು ತಂದಿರಬಹುದಲ್ಲ? ಕೊಡೆ ಹಿಡಿದವರು ಜಾಸ್ತಿ ಒದ್ದೆಯಾಗಿದ್ದಾರೆ ಅಂದರೆ ಕೊಡೆಯಿಂದ ಮಳೆ ಬಂತು ಅಂತಲಾ?

ಎರಡನೇದು. ಸಾಯಲೇಬೇಕು ಅಂತ ನಿರ್ಧಾರ ಮಾಡಿದವರಿಗೆ ಕೋವಿ ಇಲ್ಲದಿದ್ದರೆ ಇನ್ನೊಂದು. ಬಾಗಿಲು ಮುಚ್ಚಿದರೆ ಕಿಟಕಿ. ಕೋವಿ ತೆಗೆದು ಏನು ಪ್ರಯೋಜನ?

ಅಂಕಿ_ಲೆಕ್ಕ (8:40)

ತರಲೆ ಅಲ್ಲ, ಸರಿಯಾದ ಪ್ರಶ್ನೆ. ಕೆಲ್ಲರ್‌ಮನ್ ಅವರಿಗೂ ಇದನ್ನೇ ಕೇಳಿದರು.

ಕೊಡೆ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟದ್ದು 2020ರ ಕ್ಯಾಲಿಫೋರ್ನಿಯಾ ಅಧ್ಯಯನ. 2 ಕೋಟಿ 60 ಲಕ್ಷ ಜನ, 12 ವರ್ಷ. ಕೈಬಂದೂಕು ಕೊಂಡ ಗಂಡಸರಲ್ಲಿ ಆತ್ಮಹತ್ಯೆ ಪ್ರಮಾಣ ಕೊಳ್ಳದವರಿಗಿಂತ ಮೂರು ಪಟ್ಟಿಗೂ ಜಾಸ್ತಿ. ಹೆಂಗಸರಲ್ಲಿ ಏಳು ಪಟ್ಟು. ಇಲ್ಲಿಯವರೆಗೆ ನಿಮ್ಮ ಕೊಡೆ ವಾದ ನಿಲ್ಲುತ್ತದೆ. ಆದರೆ ಮುಂದಿನ ಸಾಲು ನೋಡಿ. ಬಂದೂಕು ಬಿಟ್ಟು ಬೇರೆ ದಾರಿಯಲ್ಲಿ ಆದ ಆತ್ಮಹತ್ಯೆ ಈ ಜನರಲ್ಲಿ ಜಾಸ್ತಿ ಇರಲಿಲ್ಲ. ಇವರು ಮೊದಲೇ ಸಾಯಬೇಕು ಅಂತಿದ್ದವರೇ ಆಗಿದ್ದರೆ ಅದೂ ಜಾಸ್ತಿ ಇರಬೇಕಿತ್ತು. ಜಾಸ್ತಿ ಆಗಿದ್ದು ಬಂದೂಕಿನದು ಮಾತ್ರ.

ಕಿಟಕಿ ಪ್ರಶ್ನೆಗೆ ಅಮೆರಿಕಕ್ಕೆ ಹೋಗುವುದೇ ಬೇಡ. ಶ್ರೀಲಂಕಾ ಸಾಕು. 1990ರ ದಶಕದಲ್ಲಿ ಅಲ್ಲಿನ ಆತ್ಮಹತ್ಯೆ ದರ ಲೋಕದಲ್ಲೇ ಅತಿ ಹೆಚ್ಚು ಇದ್ದ ಕಡೆಗಳಲ್ಲಿ ಒಂದು. ಹೆಚ್ಚಿನವು ಹೊಲಕ್ಕೆ ಹೊಡೆಯುವ ಔಷಧಿಯಿಂದ. ಸರ್ಕಾರ 1995ರಿಂದ ತೀರಾ ವಿಷದ ಔಷಧಿಗಳನ್ನು ಒಂದೊಂದಾಗಿ ನಿಷೇಧಿಸಿತು. 20 ವರ್ಷದಲ್ಲಿ ಆತ್ಮಹತ್ಯೆ ಸುಮಾರು 70% ಇಳಿಯಿತು. ಜನರ ಕಷ್ಟ ಏನೂ ಕಡಿಮೆಯಾಗಿರಲಿಲ್ಲ, ಯುದ್ಧವೇ ನಡೆಯುತ್ತಿತ್ತು. ಕುಡಿದವರು ಬದುಕಿ ಉಳಿದರು, ಅಷ್ಟೇ.

ಇನ್ನೊಂದು ಇಸ್ರೇಲ್ ಸೇನೆಯದು. ಸಿಪಾಯಿಗಳು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ಬಂದೂಕು ಜೊತೆಗೇ ಒಯ್ಯುತ್ತಿದ್ದರು. 2006ರಲ್ಲಿ "ಬಂದೂಕು ಇಲ್ಲೇ ಬಿಟ್ಟು ಹೋಗಿ" ಅಂದರು. ಆತ್ಮಹತ್ಯೆ ಸುಮಾರು 40% ಕಡಿಮೆಯಾಯಿತು. ವಾರಾಂತ್ಯದ್ದು ಇಳಿಯಿತು. ವಾರದ ಉಳಿದ ದಿನಗಳದ್ದು ಹೇಳುವಷ್ಟು ಬದಲಾಗಲಿಲ್ಲ. "ಶನಿವಾರ ಆಗಲಿಲ್ಲ, ಮಂಗಳವಾರ ನೋಡೋಣ" ಅಂತ ಯಾರೂ ಕಾಯಲಿಲ್ಲ.

ಸಾಯಬೇಕು ಅನ್ನುವುದು ಹೆಚ್ಚಿನವರಿಗೆ ತೀರ್ಮಾನ ಅಲ್ಲ. ಅದೊಂದು ಅಲೆ. ಏರುತ್ತದೆ, ಇಳಿಯುತ್ತದೆ. ಏರಿದ ಹೊತ್ತಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದೇ ಪ್ರಶ್ನೆ. ಬೇರೆ ದಾರಿಗಳಲ್ಲಿ ಮನಸ್ಸು ತಿರುಗಲು, ಯಾರಾದರೂ ನೋಡಲು, ಆಸ್ಪತ್ರೆಗೆ ಸಾಗಿಸಲು ಸ್ವಲ್ಪ ಹೊತ್ತು ಸಿಗುತ್ತದೆ. ಕೋವಿ ಆ ಹೊತ್ತು ಕೊಡುವುದಿಲ್ಲ.

ಸುಮ್ನೆ_ಕೇಳ್ದೆ (8:58)

ಮಂಗಳವಾರದ ಮಾತು ನಾಟಿತು. ಕಿಟಕಿ ವಾಪಸ್ ತಗೊಂಡೆ. ಕೊಡೆ ಇನ್ನೂ ಸ್ವಲ್ಪ ಇಟ್ಟುಕೊಂಡಿರುತ್ತೇನೆ.

ಕಾವೇರಿ_ತೀರ (ಮಧ್ಯಾಹ್ನ 1:10)

ಓದುತ್ತಾ ಬಂದೆ. ಸ್ವಲ್ಪ ಬೇಜಾರಾಯಿತು. ನಾನು ಕೊಡಗಿನವನು, ಬೆಂಗಳೂರಲ್ಲಿ ಇದ್ದು 20 ವರ್ಷ. ನಮ್ಮಲ್ಲಿ ಕೋವಿ ಅಂದರೆ ಆಯುಧ ಮಾತ್ರ ಅಲ್ಲ. ಕೈಲ್‌ಪೊಳ್ದ್ (ನಮ್ಮ ಆಯುಧ ಹಬ್ಬ) ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಇಷ್ಟು ಕೋವಿ ಇರುವ ಜಾಗದಲ್ಲಿ ಯಾರೂ ಶಾಲೆಗೆ ನುಗ್ಗಿಲ್ಲ. ಪ್ರತಿ ಸಲ ಯಾರೋ ಒಬ್ಬರು ಸಂಶೋಧನೆ ಅಂತ ಶುರು ಮಾಡುತ್ತಾರೆ, ಕೊನೆಗೆ "ಕೋವಿ ಕಿತ್ತುಕೊಳ್ಳಿ" ಅಂತ ಮುಗಿಸುತ್ತಾರೆ.

ಮೂಡಿಗೆರೆ ಅಕ್ಕನ ವಿಷಯ ಬೇರೆ. ಅವರ ಅಪ್ಪ ಹುಷಾರಾಗಲಿ. ಸಂಶೋಧನೆಯ ಮಾತಿಗೆ ಹೇಳಿದೆ.

ಅಂಕಿ_ಲೆಕ್ಕ (2:30)

ನಿಮ್ಮ ಬೇಜಾರು ಅರ್ಥ ಆಗುತ್ತದೆ. ಕಿತ್ತುಕೊಳ್ಳುವ ಮಾತು ನಾನು ಆಡಿಲ್ಲ. ನಿಮಗೆ ಇಷ್ಟ ಆಗಬಹುದಾದ ಒಂದು ಕಥೆ ಹೇಳುತ್ತೇನೆ.

ಅಮೆರಿಕದಲ್ಲಿ ನ್ಯೂ ಹ್ಯಾಂಪ್‌ಶೈರ್ ಅಂತ ಸಣ್ಣ ರಾಜ್ಯ. ಬೇಟೆಗಾರರ ನಾಡು, ಕೋವಿ ಅಂದರೆ ಹೆಮ್ಮೆ. 2009ರಲ್ಲಿ ಒಂದು ವಾರದೊಳಗೆ ಮೂರು ಜನ ಬಂದೂಕು ಕೊಂಡು, ಕೆಲವೇ ಗಂಟೆಗಳಲ್ಲಿ ಅದರಿಂದಲೇ ಸತ್ತರು. ಒಬ್ಬರಿಗೊಬ್ಬರು ಪರಿಚಯ ಇಲ್ಲ. ಕೊಂಡದ್ದು ಮಾತ್ರ ಒಂದೇ ಅಂಗಡಿಯಲ್ಲಿ. ಅಂಗಡಿ ಮಾಲೀಕನಿಗೆ ಗೊತ್ತಾದಾಗ ತಡೆದುಕೊಳ್ಳಲು ಆಗಲಿಲ್ಲ. ಬಂದೂಕು ವಿರೋಧಿಗಳ ಜೊತೆ ಜಗಳ ಮಾಡಿ ಅಭ್ಯಾಸ ಇದ್ದ ಮನುಷ್ಯ, ಸಂಶೋಧಕರ ಜೊತೆ ಒಂದೇ ಮೇಜಿಗೆ ಕೂತ. ಯಾವ ಗಿರಾಕಿ ಬಗ್ಗೆ ಅನುಮಾನ ಪಡಬೇಕು, ಯಾವಾಗ "ಇವತ್ತು ಬೇಡ" ಅನ್ನಬೇಕು ಅಂತ ಅಂಗಡಿಯವರೇ ಸೇರಿ ಬರೆದರು. ಸಂಕಟದಲ್ಲಿರುವ ಗೆಳೆಯನ ಬಂದೂಕನ್ನು ಸ್ವಲ್ಪ ದಿನ ನೀವು ಇಟ್ಟುಕೊಳ್ಳಿ ಅಂತ ಭಿತ್ತಿಪತ್ರ ಮಾಡಿದರು. ರಾಜ್ಯದ ಹೆಚ್ಚುಕಡಿಮೆ ಅರ್ಧ ಅಂಗಡಿಗಳು ಅದನ್ನು ಗೋಡೆಗೆ ಹಾಕಿದವು. ಯಾವ ಕಾನೂನೂ ಬರಲಿಲ್ಲ, ಯಾರ ಕೋವಿಯನ್ನೂ ಯಾರೂ ಕಿತ್ತುಕೊಳ್ಳಲಿಲ್ಲ.

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಈಗ ಹಿಡಿದಿರುವ ದಾರಿ ಇದು. ಕೋವಿ ಇರುವವರನ್ನು ಬಿಟ್ಟು ಕೋವಿ ಸಾವು ತಡೆಯಲು ಆಗುವುದಿಲ್ಲ.

ಕಾವೇರಿ_ತೀರ (3:15)

ಇದು ಒಪ್ಪುವ ಮಾತು. ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಹೀಗೊಂದು ಆಗಿತ್ತು, ನಾನು ಹುಡುಗ ಆಗ. ದೊಡ್ಡಪ್ಪ ಕುಡಿತಕ್ಕೆ ಬಿದ್ದಿದ್ದರು. ಅಜ್ಜಿ ಒಂದು ದಿನ ಏನೂ ಹೇಳದೆ ಕೋವಿ ತೆಗೆದು ತನ್ನ ಕೋಣೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ತೋಟಾ (ಗುಂಡು) ಬೇರೆ ಕಡೆ. ಹಬ್ಬಕ್ಕೆ ತೆಗೆದರು, ಪೂಜೆ ಆದಮೇಲೆ ಮತ್ತೆ ಪೆಟ್ಟಿಗೆಗೆ. ಎರಡು ವರ್ಷ ಹೀಗೇ ನಡೆಯಿತು. ಮನೆಯಲ್ಲಿ ಯಾರೂ ಅದರ ಬಗ್ಗೆ ಮಾತೇ ಆಡಲಿಲ್ಲ. ಅಜ್ಜಿ ಯಾವ ಸಂಶೋಧನೆಯನ್ನೂ ಓದಿರಲಿಲ್ಲ.

ರಾತ್ರಿಪಾಳಿ (3:22)

ಅಜ್ಜಿಗೆ ನಮಸ್ಕಾರ.

ಮಂಡ್ಯ_ಟು_ಅಟ್ಲಾಂಟಾ (ಸಂಜೆ 6:45, ಇಲ್ಲಿ ಬೆಳಿಗ್ಗೆ)

ಅಮೆರಿಕದ ಮಾತು ಬಂದಿದ್ದಕ್ಕೆ ಬಂದೆ. ಸಿಡಿಸಿ ಅನ್ನುವ ರೋಗ ನಿಯಂತ್ರಣ ಕೇಂದ್ರ ಇರುವುದು ನಮ್ಮೂರಲ್ಲೇ. ಈ ಸಂಶೋಧನೆಗೆ ಆದ ಗತಿ ಕೇಳಿ.

ಕೆಲ್ಲರ್‌ಮನ್ ಅಧ್ಯಯನಕ್ಕೆ ದುಡ್ಡು ಕೊಟ್ಟದ್ದು ಸಿಡಿಸಿ. ಬಂದೂಕು ಸಂಘದವರಿಗೆ ಕೋಪ ಬಂತು. 1996ರಲ್ಲಿ ಜೇ ಡಿಕಿ ಅನ್ನುವ ಅರ್ಕನ್ಸಾ ರಾಜ್ಯದ ಸಂಸದ ಬಜೆಟ್ ಮಸೂದೆಯಲ್ಲಿ ಒಂದು ಸಾಲು ಸೇರಿಸಿದರು. ಸಿಡಿಸಿ ದುಡ್ಡನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಬಾರದು ಅಂತ. ಜೊತೆಗೆ ಬಂದೂಕು ಸಂಶೋಧನೆಗೆ ಹೋಗುತ್ತಿದ್ದ 26 ಲಕ್ಷ ಡಾಲರನ್ನು ಅಷ್ಟಕ್ಕಷ್ಟೂ ಬೇರೆ ಕಡೆ ತಿರುಗಿಸಿದರು. ಸಂಶೋಧನೆ ಮಾಡಬಾರದು ಅಂತ ಆ ಸಾಲಲ್ಲಿ ಇರಲಿಲ್ಲ. ಆದರೆ ಅಧಿಕಾರಿಗಳಿಗೆ ಭಯ. ಹಾವು ಸತ್ತಿದ್ದರೂ ಯಾರು ಮುಟ್ಟಿ ನೋಡುತ್ತಾರೆ? ಇಪ್ಪತ್ತು ವರ್ಷಕ್ಕೂ ಜಾಸ್ತಿ ಸಿಡಿಸಿ ಕಡೆಯಿಂದ ಕೆಲಸ ಹೆಚ್ಚುಕಡಿಮೆ ನಿಂತೇ ಹೋಯಿತು. ಹೊಸ ಹುಡುಗರು ಈ ವಿಷಯ ಹಿಡಿಯುವುದನ್ನೇ ಬಿಟ್ಟರು.

ಮಜಾ ಅಂದರೆ ಮುಂದಿನದು. ಆಗ ಸಿಡಿಸಿಯಲ್ಲಿ ಈ ವಿಭಾಗ ನೋಡಿಕೊಳ್ಳುತ್ತಿದ್ದವರು ಮಾರ್ಕ್ ರೋಸೆನ್‌ಬರ್ಗ್. ಡಿಕಿಗೂ ಅವರಿಗೂ ಹಾವು ಮುಂಗುಸಿ. ಒಂದು ದಿನ ಎದುರಾಬದುರು ಕೂತು ಮಾತಾಡಿದರು, ಮಕ್ಕಳ ಬಗ್ಗೆ, ಊರಿನ ಬಗ್ಗೆ. ನಿಧಾನಕ್ಕೆ ಗೆಳೆಯರಾದರು. 2012ರಲ್ಲಿ ಇಬ್ಬರೂ ಸೇರಿ ಪತ್ರಿಕೆಗೆ ಲೇಖನ ಬರೆದರು, ಸಂಶೋಧನೆ ನಡೆಯಲೇಬೇಕು ಅಂತ. ಡಿಕಿ 2017ರಲ್ಲಿ ತೀರಿಕೊಂಡರು. 2019ರ ಕೊನೆಗೆ ಸಂಸತ್ತು ಮತ್ತೆ ದುಡ್ಡು ಕೊಟ್ಟಿತು, ಎರಡೂವರೆ ಕೋಟಿ ಡಾಲರ್.

ಇನ್ನು ನಮ್ಮೂರ ಹೆಮ್ಮೆ. ಡಾ. ವಿವೇಕ್ ಮೂರ್ತಿ, ಮಂಡ್ಯದ ಹಲ್ಲೆಗೆರೆ ಮನೆತನ. ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯಕ್ಕೆ ಸರ್ಕಾರದ ಮುಖ್ಯ ಡಾಕ್ಟರು) ಹುದ್ದೆಗೆ 2013ರಲ್ಲಿ ಅವರ ಹೆಸರು ಬಂದಾಗ ಒಂದು ವರ್ಷಕ್ಕೂ ಜಾಸ್ತಿ ತಡೆದು ಕೂರಿಸಿದರು. ಕಾರಣ? ಬಂದೂಕು ಆರೋಗ್ಯದ ವಿಷಯ ಅಂತ ಹಿಂದೆ ಒಂದು ಟ್ವೀಟ್ ಮಾಡಿದ್ದರು! 2014ರ ಡಿಸೆಂಬರ್‌ನಲ್ಲಿ 51-43 ಮತದಿಂದ ಆಯ್ಕೆ ಆಯಿತು. ಹತ್ತು ವರ್ಷ ಕಳೆದು, 2024ರ ಜೂನ್‌ನಲ್ಲಿ, ಅದೇ ಮನುಷ್ಯ ಅದೇ ಕುರ್ಚಿಯಲ್ಲಿ ಕೂತು ಬಂದೂಕು ಹಿಂಸೆ ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಅಂತ ಅಧಿಕೃತವಾಗಿ ಘೋಷಿಸಿದರು. ಮಂಡ್ಯದವರ ಹಠ ಅಂದರೆ ಸುಮ್ನೆನಾ?

ಸುಮ್ನೆ_ಕೇಳ್ದೆ (7:10)

ಗುರೂ, ಹುಟ್ಟಿದ್ದು ಇಂಗ್ಲೆಂಡಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಹಠ ಮಾತ್ರ ಮಂಡ್ಯದ್ದು?

ಮಂಡ್ಯ_ಟು_ಅಟ್ಲಾಂಟಾ (7:12)

ಕಬ್ಬಿನ ಹಾಲಿನ ಹಾಗೆ ಅದು, ರಕ್ತದಲ್ಲೇ ಬರುತ್ತದೆ ಬಿಡಿ.

ಸುಮ್ನೆ_ಕೇಳ್ದೆ (7:30)

ಸರಿ ಸರಿ. ಬೆಂಗಳೂರಿಗೆ ಬರೋಣ. ಗೌರಿ ಲಂಕೇಶ್ ಅವರನ್ನು ರಾಜರಾಜೇಶ್ವರಿ ನಗರದ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು, 2017ರಲ್ಲಿ. ಅದಕ್ಕೆ ಯಾವ ಸಾರ್ವಜನಿಕ ಆರೋಗ್ಯದ ಮದ್ದಿದೆ? ಅದು ಪೊಲೀಸ್, ಕೋರ್ಟ್ ವಿಷಯ. ಮಿಕ್ಕ ಹಾಗೆ ನಮ್ಮೂರಲ್ಲಿ ಹೊಡೆದಾಟ ಅಂದರೆ ಲಾಂಗು, ಮಚ್ಚು, ಬಿಯರ್ ಬಾಟಲಿ. ಬಂದೂಕು ಎಲ್ಲಿ?

ಅಂಕಿ_ಲೆಕ್ಕ (8:15)

ಗೌರಿ ಅವರ ಕೊಲೆಯಂಥದ್ದು ಸಂಚು. ಅದನ್ನು ತನಿಖೆಯೇ ಹಿಡಿಯಬೇಕು, ಒಪ್ಪಿದೆ. ಎಲ್ಲದಕ್ಕೂ ನಮ್ಮ ಹತ್ತಿರ ಚುಚ್ಚುಮದ್ದು ಇಲ್ಲ.

ಬಾಟಲಿಗೆ ಇದೆ. ಬ್ರಿಟನ್ನಿನ ಕಾರ್ಡಿಫ್ ಊರಲ್ಲಿ ಜೊನಾಥನ್ ಶೆಫರ್ಡ್ ಅನ್ನುವ ಶಸ್ತ್ರವೈದ್ಯರು. ಒಡೆದ ದವಡೆ, ಸೀಳಿದ ಕೆನ್ನೆ ಹೊಲಿಯುವುದು ಕೆಲಸ. ಹೊಲಿದು ಹೊಲಿದು ಒಂದು ಅನುಮಾನ ಬಂತು. ಇಷ್ಟು ಜನ ಪೆಟ್ಟು ತಿಂದು ಬರುತ್ತಾರೆ, ಪೊಲೀಸರಿಗೆ ಗೊತ್ತಿದೆಯಾ? ಲೆಕ್ಕ ನೋಡಿದರೆ ಹೆಚ್ಚಿನವು ಗೊತ್ತೇ ಇಲ್ಲ. ಆಮೇಲೆ ಕ್ಯಾಶುವಾಲ್ಟಿಯಲ್ಲಿ ಎರಡು ಮೂರು ಪ್ರಶ್ನೆ ಕೇಳಲು ಶುರು ಮಾಡಿದರು. ಎಲ್ಲಿ ಆಯಿತು, ಯಾವಾಗ, ಯಾವುದರಿಂದ. ಹೆಸರು ತೆಗೆದು ಆ ಪಟ್ಟಿಯನ್ನು ಪೊಲೀಸರಿಗೂ ಪಾಲಿಕೆಗೂ ಕೊಟ್ಟರು. ಯಾವ ಪಬ್ಬಿನ ಮುಂದೆ, ಯಾವ ರಾತ್ರಿ ಅಂತ ಗೊತ್ತಾಯಿತು. ಗಸ್ತು ಅಲ್ಲಿಗೆ ಹೋಯಿತು, ಒಡೆದರೆ ಚೂಪಾಗದ ಗ್ಲಾಸು ಬಂತು. 2011ರ ಅಧ್ಯಯನದ ಪ್ರಕಾರ ಅಂಥದ್ದೇ ಬೇರೆ ಊರುಗಳಿಗೆ ಹೋಲಿಸಿದರೆ ಪೆಟ್ಟಾಗಿ ಆಸ್ಪತ್ರೆಗೆ ದಾಖಲಾಗುವವರು 42% ಕಡಿಮೆ. ಅಮೆರಿಕದ ಕೆಲವು ಊರುಗಳು ಇದನ್ನೇ ಗುಂಡೇಟಿನ ಲೆಕ್ಕಕ್ಕೂ ತಗೊಂಡಿವೆ.

ರಾತ್ರಿಪಾಳಿ (11:50, ಡ್ಯೂಟಿ ಮಧ್ಯೆ)

ಇದನ್ನು ಓದಿ ನಗು ಬಂತು, ಹೊಟ್ಟೆ ಉರಿಯಿತು ಕೂಡ. ನಮ್ಮಲ್ಲೂ ಎಂಎಲ್‌ಸಿ ಪುಸ್ತಕ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ ದಾಖಲೆ) ಇದೆ. ಹೆಸರು, ವಯಸ್ಸು, ಗಾಯ, ಕರೆತಂದವರು, ಎಲ್ಲಾ ಬರೆಯುತ್ತೇವೆ. "ಎಲ್ಲಿ ಆಯಿತು" ಅನ್ನುವ ಕಡೆ ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ "ರಸ್ತೆ" ಅಂತ ಬರೆದಿರುವುದನ್ನು ನೋಡಿದ್ದೇನೆ. ಯಾವ ರಸ್ತೆ? ದೇವರಿಗೇ ಗೊತ್ತು. ಪುಸ್ತಕ ತುಂಬಿದರೆ ಗೋಣಿಚೀಲಕ್ಕೆ. ಕೋರ್ಟಿಂದ ಸಮನ್ಸ್ ಬಂದರೆ ಮಾತ್ರ ಹೊರಗೆ.

ನನಗೆ ಅನುಭವದಿಂದ ಗೊತ್ತು, ಶನಿವಾರ ರಾತ್ರಿ ಹನ್ನೊಂದೂವರೆ ಮೇಲೆ ಯಾವ ಎರಡು ಬೀದಿಯಿಂದ ಬರುತ್ತಾರೆ ಅಂತ. ನನ್ನನ್ನು ಯಾರೂ ಕೇಳಿಲ್ಲ.

ಅಂಕಿ_ಲೆಕ್ಕ (ಮಂಗಳವಾರ, ಬೆಳಿಗ್ಗೆ 7:00)

ರಾತ್ರಿಪಾಳಿ ಮೇಡಂ ಈಗ ಬರೆದದ್ದೇ ಒಂದು ಸಂಶೋಧನಾ ಪ್ರಸ್ತಾವ.

ನಮ್ಮಲ್ಲಿ ಆಗುವುದೇ ಇಲ್ಲ ಅಂತಲೂ ಅಲ್ಲ. ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಅವರ ತಂಡ ಬೆಂಗಳೂರಿನ ಆಸ್ಪತ್ರೆಗಳ, ಪೊಲೀಸರ ದಾಖಲೆ ಕೂಡಿಸಿ ರಸ್ತೆ ಗಾಯಗಳ ಲೆಕ್ಕ ತೆಗೆದದ್ದು ಇದೇ ರೀತಿ. ಹೆಲ್ಮೆಟ್ಟಿಗೂ ಜನ "ನಮ್ಮ ತಲೆ, ನಮ್ಮ ಇಷ್ಟ" ಅಂತಲೇ ಜಗಳ ಆಡಿದ್ದರು. 2016ರ ಜನವರಿಯಲ್ಲಿ ಹಿಂದೆ ಕೂರುವವರಿಗೂ ಕಡ್ಡಾಯ ಮಾಡಿದಾಗ ಆದ ಗಲಾಟೆ ನೆನಪಿದೆಯಾ? ಸವಾರನನ್ನು ಬೈಯುವುದು ಬಿಟ್ಟು ಹೆಲ್ಮೆಟ್, ಡಿವೈಡರ್, ಕುಡಿತ ಅಂತ ಒಂದೊಂದೇ ಹಿಡಿದು ನೋಡುವುದು ಈ ವಿದ್ಯೆ. ಬಂದೂಕಿಗೂ ಅದೇ.

ಫಿಲಡೆಲ್ಫಿಯಾದ್ದು ಒಂದು ಹೇಳಿಬಿಡುತ್ತೇನೆ, ಬೆಂಗಳೂರಿನವರಿಗೆ ಅರ್ಥ ಆಗುತ್ತದೆ. ಕಸ ಬಿದ್ದ ಖಾಲಿ ಸೈಟುಗಳು, 541. ಚೀಟಿ ಎತ್ತಿದ ಹಾಗೆ ಕೆಲವನ್ನು ಆರಿಸಿ ಕಸ ತೆಗೆದು, ಹುಲ್ಲು ಗಿಡ ಹಾಕಿ, ಮೊಣಕಾಲೆತ್ತರದ ಕಟ್ಟಿಗೆ ಬೇಲಿ ಕಟ್ಟಿದರು. ಕೆಲವನ್ನು ಹಾಗೇ ಬಿಟ್ಟರು. ಬಡ ಬಡಾವಣೆಗಳಲ್ಲಿ, ಸ್ವಚ್ಛ ಮಾಡಿದ ಸೈಟುಗಳ ಸುತ್ತ ಬಂದೂಕು ಹಿಂಸೆ 29% ಇಳಿಯಿತು. 2018ರಲ್ಲಿ ಪ್ರಕಟವಾಯಿತು. ಒಬ್ಬರನ್ನೂ ಬಂಧಿಸದೆ!

ಸುಮ್ನೆ_ಕೇಳ್ದೆ (7:20)

ನಮ್ಮ ಲೇಔಟಿನ ಖಾಲಿ ಸೈಟು ಸ್ವಚ್ಛ ಮಾಡಿಸಲು ನಾನು ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದೇನೆ. ಗಿಡ ಬೆಳೆದಿದೆ, ಪಾರ್ಥೇನಿಯಂ.

ಖಾಕಿ_ಬಿಚ್ಚಿದವ (10:05)

ನಿವೃತ್ತ ಸಬ್ ಇನ್ಸ್‌ಪೆಕ್ಟರ್ ನಾನು. ಮಲೆನಾಡಿನ ಠಾಣೆಗಳಲ್ಲೂ ಕೆಲಸ ಮಾಡಿದ್ದೇನೆ. ಎಲ್ಲರೂ ಅಮೆರಿಕ, ಬ್ರಿಟನ್ ಸುತ್ತಿ ಬಂದಿರಿ. ಆ ಹೆಣ್ಣುಮಗಳು ಕೇಳಿದ್ದು ಕೋವಿ ಏನು ಮಾಡಲಿ ಅಂತ.

ತಾಯಿ, ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ಅಪ್ಪನಿಗೆ ಗೊತ್ತಿಲ್ಲದ ಹಾಗೆ ಕೋವಿಯನ್ನು ಕಾರಿನಲ್ಲಿ ಹಾಕಿಕೊಂಡು ಬೆಂಗಳೂರಿಗೆ ತರಬೇಡಿ. ಲೈಸೆನ್ಸ್ ನಿಮ್ಮದಲ್ಲ. ದಾರಿಯಲ್ಲಿ ಹಿಡಿದರೆ 1959ರ ಆಯುಧ ಕಾಯ್ದೆಯಲ್ಲಿ ಕೇಸು. ಪಕ್ಕದ ಎಸ್ಟೇಟಿನ ನೆಂಟರ ಮನೆಯಲ್ಲಿ ಇಡುವುದೂ ಬೇಡ, ಅವರಿಗೂ ತೊಂದರೆ. ಮೇಲೆ ಹೇಳಿದ "ಗೆಳೆಯನ ಬಂದೂಕು ನೀವು ಇಟ್ಟುಕೊಳ್ಳಿ" ಅನ್ನುವುದು ನಮ್ಮ ಕಾನೂನಿಗೆ ಒಗ್ಗುವುದಿಲ್ಲ.

ಮಾಡಬೇಕಾದದ್ದು ಇಷ್ಟು. ತೋಟಾ ಮತ್ತು ಕೋವಿ ಇವತ್ತೇ ಬೇರೆ ಬೇರೆ ಬೀಗದಲ್ಲಿ ಹೋಗಲಿ, ಬೀಗದಕೈ ಅಪ್ಪನ ಹತ್ತಿರ ಬೇಡ. ಆಮೇಲೆ ಅಪ್ಪನನ್ನೂ ಲೈಸೆನ್ಸ್ ಪುಸ್ತಕವನ್ನೂ ಕರೆದುಕೊಂಡು ಹೋಗಿ ಠಾಣೆಯಲ್ಲೋ, ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಜಮೆ ಮಾಡಿ. ರಸೀದಿ ತಗೊಳ್ಳಿ. ಅಪ್ಪನಿಗೆ ಇದು ಹೊಸದೇನಲ್ಲ. ಪ್ರತಿ ಚುನಾವಣೆಗೂ ಒಪ್ಪಿಸಿ ಬಂದಿರುತ್ತಾರೆ. ನಾನೇ ನೂರಾರು ಕೋವಿಗೆ ಚೀಟಿ ಕಟ್ಟಿ ಇಟ್ಟಿದ್ದೇನೆ. ಬೈದುಕೊಂಡು ಕೊಡುತ್ತಿದ್ದರು, ಎಣ್ಣೆ ಹಾಕಿ ಇಡಿ ಅಂತ ಹೇಳಿ ಹೋಗುತ್ತಿದ್ದರು.

ಮುಂದಕ್ಕೆ ಇನ್ನೊಂದು ದಾರಿ ಇದೆ. 2016ರ ಆಯುಧ ನಿಯಮದಲ್ಲಿ, ಲೈಸೆನ್ಸ್‌ದಾರರಿಗೆ 70 ವರ್ಷ ದಾಟಿದ್ದರೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಲು ಅವಕಾಶ ಇದೆ. ಅಪ್ಪ ಬದುಕಿರುವಾಗಲೇ. "ಕೋವಿ ಕೊಟ್ಟುಬಿಡು" ಅನ್ನುವುದಕ್ಕಿಂತ "ಇದನ್ನು ನನ್ನ ಹೆಸರಿಗೆ ಮಾಡಿಕೊಡು" ಅನ್ನುವುದು ಅವರ ಕಿವಿಗೆ ಹಿತ.

ಅಂಕಿ_ಲೆಕ್ಕ (10:30)

ಸಾರ್, ಚುನಾವಣೆ ಮಾತು ಓದಿ ಚಹಾ ತಣ್ಣಗಾಯಿತು. ಪ್ರತಿ ಚುನಾವಣೆಗೂ ಇಡೀ ಮಲೆನಾಡಿನ ಕೋವಿಗಳು ಕೆಲವು ವಾರ ಮನೆಯಿಂದ ಹೊರಗೆ. ಇಸ್ರೇಲಿನ ವಾರಾಂತ್ಯದ ಹಾಗೆಯೇ! 2018, 2019, 2023, 2024. ಆ ವಾರಗಳಲ್ಲಿ ಕೋವಿಯಿಂದ ಆದ ಸಾವು, ಹಂದಿ ಬೇಟೆಯಲ್ಲಿ ತಪ್ಪಿ ಬಿದ್ದ ಈಡು, ಎಲ್ಲಾ ಠಾಣೆ ದಾಖಲೆಯಲ್ಲಿ ಇರುತ್ತದೆ. ಹಿಂದಿನ ವರ್ಷದ ಅದೇ ವಾರಗಳ ಜೊತೆ ಹೋಲಿಸಿ ನೋಡಬೇಕು. ಸಂಖ್ಯೆ ಸಣ್ಣದಿರುತ್ತದೆ, ನಾಲ್ಕೈದು ಜಿಲ್ಲೆ ಕೂಡಿಸಬೇಕಾಗುತ್ತದೆ. ನಿಮಗೆ ವೈಯಕ್ತಿಕ ಸಂದೇಶ ಕಳಿಸಿದ್ದೇನೆ.

ಖಾಕಿ_ಬಿಚ್ಚಿದವ (10:41)

ನಿವೃತ್ತಿ ಅಂದರೆ ಆರಾಮ ಅಂದುಕೊಂಡಿದ್ದೆ.

ಮೂಡಿಗೆರೆ_ಮಗಳು (ಮುಂದಿನ ಸೋಮವಾರ, ರಾತ್ರಿ 9:20)

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ. ಭಾನುವಾರ ರಾತ್ರಿಯೇ 14416ಕ್ಕೆ ಮಾಡಿದ್ದೆ. ಆ ಹುಡುಗಿ ಅರ್ಧ ಗಂಟೆ ಮಾತಾಡಿದಳು. ಅಪ್ಪನನ್ನು ಏನಂತ ಕೇಳಬೇಕು ಅಂತ ನನ್ನ ಬಾಯಲ್ಲೇ ಎರಡು ಸಲ ಹೇಳಿಸಿದಳು. ರೈಟರಿಗೆ ಹೇಳಿ ರಾತ್ರಿ ಮನೆಯಲ್ಲೇ ಮಲಗಿಸಿದೆ. ಮಂಗಳವಾರ ಇಲ್ಲಿ ಓದಿದ ಮೇಲೆ ರೈಟರಿಗೆ ಮತ್ತೆ ಫೋನ್ ಮಾಡಿದೆ. ಅವರು ಹಳೇ ಮನುಷ್ಯ, ಉಪಾಯ ಮಾಡಿದರು. ಕೋವಿಗೆ ತುಕ್ಕು ಹಿಡಿದಿದೆ, ಒರೆಸಿಡುತ್ತೇನೆ ಅಂತ ಕೇಳಿ ತಗೊಂಡು, ಮನೆ ಬೀರುವಿನಲ್ಲೇ ಇಟ್ಟು ಬೀಗದಕೈ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಬುಧವಾರ ನಾನೇ ಹೋದೆ. ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಕೂತಿದ್ದಾಗ ಕೇಳಿದೆ. ಕಲಿತ ಹಾಗೆ ಬರಲಿಲ್ಲ, ಗಂಟಲು ಕಟ್ಟಿತು. ಅಪ್ಪ ತುಂಬಾ ಹೊತ್ತು ಏನೂ ಅನ್ನಲಿಲ್ಲ. ಎಲೆ ಅಡಿಕೆ ತಟ್ಟೆ ಆ ಕಡೆ ಈ ಕಡೆ ಸರಿಸಿದರು. ಆಮೇಲೆ "ರಾತ್ರಿ ಮಂಗ ಬರಲ್ಲ, ನಂಗೂ ಗೊತ್ತು" ಅಂದರು.

ಅದಕ್ಕಿಂತ ಜಾಸ್ತಿ ಆ ರಾತ್ರಿ ನಾವು ಮಾತಾಡಲಿಲ್ಲ.

ಬೆಳಿಗ್ಗೆ "ಇದನ್ನ ನನ್ನ ಹೆಸರಿಗೆ ಮಾಡಿಸಿಕೊಡಪ್ಪಾ" ಅಂದೆ. ಖಾಕಿ ಸಾರ್ ಹೇಳಿದ ಹಾಗೇ. "ನಿಂಗ್ಯಾಕೆ, ವಿಜಯನಗರದಲ್ಲಿ ಹಂದಿ ಬರುತ್ತಾ?" ಅಂದರು. ಎಂಟು ತಿಂಗಳಲ್ಲಿ ಅಪ್ಪ ಮಾಡಿದ ಮೊದಲ ತಮಾಷೆ ಅದು. ಅಪ್ಪ, ರೈಟರ್, ನಾನು ಮೂವರೂ ಜೊತೆಗೇ ಹೋಗಿ ಅಂಗಡಿಯಲ್ಲಿ ಜಮೆ ಮಾಡಿ ಬಂದೆವು. ಕೊಡುವ ಮೊದಲು ಅಪ್ಪ ಅಲ್ಲೇ ನಿಂತು ನಳಿಗೆಗೆ ಎಣ್ಣೆ ಹಚ್ಚಿಸಿದರು.

ಈಗ ಅಪ್ಪ ನಮ್ಮ ಮನೆಯಲ್ಲಿದ್ದಾರೆ. ಗುರುವಾರ ಡಾಕ್ಟರ ಹತ್ತಿರ ಹೋಗಬೇಕು. ಬರುತ್ತೇನೆ ಅಂದಿದ್ದಾರೆ, ನೋಡಬೇಕು. ಇಲ್ಲಿನ ಕಾಫಿಗೆ ಚಿಕೋರಿ ಜಾಸ್ತಿ ಅಂತ ದಿನಾ ಗಲಾಟೆ. ರಸೀದಿ ನನ್ನ ಹತ್ತಿರ ಇದೆ. ಜೋಪಾನವಾಗಿ ಇಟ್ಟಿದ್ದೀಯಾ ಅಂತ ದಿನಕ್ಕೆ ಎರಡು ಸಲ ಕೇಳುತ್ತಾರೆ.

ರಾತ್ರಿಪಾಳಿ (9:26)

ಗುರುವಾರ ಆದಮೇಲೆ ಒಂದು ಸಾಲು ಹಾಕಿ ಅಕ್ಕಾ. ಮಾತ್ರೆ ಕೊಟ್ಟರೆ ಮೊದಲ ಕೆಲವು ವಾರ ಗುಣ ಕಾಣುವುದಿಲ್ಲ, ನಿಲ್ಲಿಸಲು ಬಿಡಬೇಡಿ. ಅಷ್ಟರಲ್ಲಿ ತೋಟಕ್ಕೆ ಒಬ್ಬರನ್ನೇ ಕಳಿಸಬೇಡಿ. ತೋಟದ ಔಷಧಿ ಕೋಣೆಗೂ ಒಂದು ಬೀಗ ಹಾಕಿಸಿ.

ಕಾವೇರಿ_ತೀರ (9:40)

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಚಿಕೋರಿ ಇಲ್ಲದ ಪುಡಿ ನಾನು ಊರಿಂದ ತರಿಸುತ್ತೇನೆ, ಅರ್ಧ ಕೆ.ಜಿ. ಕಳಿಸಿಕೊಡುತ್ತೇನೆ.

ಸುಮ್ನೆ_ಕೇಳ್ದೆ (9:55)

ಮೇಡಂ, ಮೊದಲ ದಿನ ಬರೆದದ್ದಕ್ಕೆ ಸಾರಿ. ಉದುರಿದ ಮೆಣಸು ಆರಿಸಿದ್ದರೆ ನನಗೆ ಎರಡು ಕೆ.ಜಿ. ಇರಲಿ.